ಶಿವಗಂಗಮ್ಮನ ಪಾಲಿಗೆ ಬಂದ ಬೆಂಕಿ

ನಾನು ಮುಂಗೋಪಿ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಶಿವಗಂಗಮ್ಮನ ಕಥೆಯಲ್ಲಿ ನನ್ನ ಕೋಪಕ್ಕೂ ಒಂದು ಪಾತ್ರವಿದೆ. ಚಿತ್ರದುರ್ಗದ ಸಂತೆಪೇಟೆಯಲ್ಲಿ ನಮ್ಮಪ್ಪ ತೆರೆದ ವೀರಶೈವ ಖಾನಾವಳಿಯನ್ನು ನಾನು ಇಪ್ಪತ್ತೆರಡು ವರ್ಷ ನಡೆಸಿದೆ. ಗಲ್ಲಾದ ಹಿಂದೆ ಕೂತು ಎಷ್ಟು ಜನರನ್ನು ಬೈದೆನೋ ಲೆಕ್ಕವಿಟ್ಟಿಲ್ಲ. ಬೈಸಿಕೊಂಡವರು ಮಾರನೆಯ ದಿನ ಮತ್ತೆ ಊಟಕ್ಕೆ ಬರುತ್ತಿದ್ದರು, ನಾನು ಬೈದದ್ದನ್ನೇ ಮರೆತು ಪಲ್ಯ ಹೆಚ್ಚಿಗೆ ಹಾಕಿಸುತ್ತಿದ್ದೆ. ಒಬ್ಬನನ್ನು ಬೈದದ್ದು ಮಾತ್ರ ಮರೆಯಲು ಆಗಿಲ್ಲ. ಅದನ್ನು ಹೇಳಬೇಕಾದರೆ ಶಿವಗಂಗಮ್ಮನಿಂದಲೇ ಶುರು ಮಾಡಬೇಕು.

ಶಿವಗಂಗಮ್ಮ ನಮ್ಮ ಖಾನಾವಳಿಯಲ್ಲಿ ರೊಟ್ಟಿ ಬಡಿಯುತ್ತಿದ್ದ ಹೆಂಗಸು. ಕುಳ್ಳು ಆಳು, ಹಣೆ ತುಂಬ ವಿಭೂತಿ, ಬೆವರಿಗೆ ಅದು ಕರಗಿ ಹುಬ್ಬಿನ ಮೇಲೆ ಇಳಿದಿರುತ್ತಿತ್ತು. ಮಾತು ಬಹಳ ಕಡಿಮೆ. ಅವಳ ಬದಲು ರೊಟ್ಟಿ ಬಡಿಯುವ ಸದ್ದೇ ಇಡೀ ದಿನ ಮಾತಾಡುತ್ತಿತ್ತು. ಹೊಸದುರ್ಗದಿಂದ ಕೋರ್ಟಿಗೆ ಬರುವ ಕಕ್ಷಿದಾರರು ಕೇಸು ಸೋತ ದಿನವೂ ಅವಳ ಕೈಯ ಜೋಳದ ರೊಟ್ಟಿ ತಿಂದು, ವಕೀಲರನ್ನು ಬೈಯುವುದು ಬಿಟ್ಟು ಸಮಾಧಾನದಿಂದ ಬಸ್ಸು ಹತ್ತುತ್ತಿದ್ದರು. ಹಿರಿಯೂರಿನ ಶೇಂಗಾ ವ್ಯಾಪಾರಿಗಳಂತೂ ಬೋರ್ಡಿನ ಮೇಲಿದ್ದ ನಮ್ಮಪ್ಪನ ಹೆಸರು ಬಿಟ್ಟು ‘ಶಿವಗಂಗಮ್ಮನ ಖಾನಾವಳಿ’ ಅನ್ನುತ್ತಿದ್ದರು. ಅದಕ್ಕೂ ನನಗೆ ಕೋಪ ಬರುತ್ತಿತ್ತು.

ಅವಳು ಹೊಳಲ್ಕೆರೆ ಕಡೆಯ ಒಂದು ಹಳ್ಳಿಯ ಸೊಸೆ. ಗಂಡ ಏಕಾಂತಪ್ಪ, ನಾಲ್ವರು ಅಣ್ಣತಮ್ಮಂದಿರಲ್ಲಿ ಮೂರನೆಯವನು. ಮದುವೆಯಾದ ಒಂಬತ್ತು ವರ್ಷಕ್ಕೆ ವಾಂತಿಭೇದಿಗೆ ಸಿಕ್ಕಿ ಹೋದ. ಮಕ್ಕಳಿರಲಿಲ್ಲ. ಅವನು ಮಣ್ಣಾಗಿ ಆರು ತಿಂಗಳಿಗೆ ಮನೆ ಪಾಲಾಯಿತು. ಹೊಲ ಮೂರು ಪಾಲಾಯಿತು, ದನ ಮೂರು ಪಾಲಾದವು, ಅಟ್ಟದ ಮೇಲಿದ್ದ ಒಡಕು ಕೊಳಗ ಕೂಡ ಯಾರಿಗೆ ಅಂತ ತೀರ್ಮಾನವಾಯಿತು. ಶಿವಗಂಗಮ್ಮ ಯಾರ ಪಾಲಿಗೂ ಬರಲಿಲ್ಲ. ಮನೆ ಪಾಲಾದ ಮೇಲೆ ಹೊಸ ಒಲೆಗಳಿಗೆ ಹಳೆಯ ಒಲೆಯ ಕೆಂಡವನ್ನೇ ಒಯ್ಯಬೇಕು ಎಂಬುದು ಆ ಮನೆಯ ಪದ್ಧತಿ. ಮೂವರು ವಾರಗಿತ್ತಿಯರು ತಮ್ಮ ತಮ್ಮ ಕೆಂಡ ತೆಗೆದುಕೊಂಡ ಮೇಲೆ ಇವಳೂ ಒಂದು ಮಡಕೆ ಹಿಡಿದು ನಿಂತಳು. ಹೊಲ ಇಲ್ಲ ಅನ್ನಬಹುದು, ಮನೆ ಹೆಣ್ಣುಮಗಳಿಗೆ ಬೆಂಕಿ ಇಲ್ಲ ಅನ್ನಬಾರದಲ್ಲ. ಹಿರಿಯ ವಾರಗಿತ್ತಿ ಎರಡು ಚಿಪ್ಪು ಕೆಂಡ ಹಾಕಿದಳು. ಗಂಡನ ಮನೆಯಿಂದ ಅವಳಿಗೆ ಸಿಕ್ಕ ಆಸ್ತಿ ಅಷ್ಟೆ.

ಆ ಮಡಕೆ ಹೊತ್ತುಕೊಂಡು ಅವಳು ದುರ್ಗಕ್ಕೆ ನಡೆದು ಬಂದಳು. ಎರಡು ದಿನದ ದಾರಿ. ದಾರಿಯುದ್ದಕ್ಕೂ ಕಂಡವರ ಹಿತ್ತಲಿನಿಂದ ಬೆರಣಿ ಬೇಡಿ, ಮುರಿದು ಮುರಿದು ಮಡಕೆಗೆ ಹಾಕುತ್ತ ಬಂದಿದ್ದಳಂತೆ. ನನಗೆ ಆಗ ಹತ್ತು ವರ್ಷ, ಅವಳು ಖಾನಾವಳಿಯ ಬಾಗಿಲಿಗೆ ಬಂದು ನಿಂತದ್ದು ಚೆನ್ನಾಗಿ ನೆನಪಿದೆ. ನಮ್ಮಪ್ಪ ಖಾನಾವಳಿ ತೆರೆದು ಎರಡು ತಿಂಗಳಾಗಿತ್ತು, ಅಡುಗೆಯವಳು ಜಗಳವಾಡಿ ಹೋಗಿದ್ದಳು.

“ರೊಟ್ಟಿ ಬಡಿಯಾಕೆ ಬರ್ತೈತ್ರಿ. ಕೆಲಸ ಐತಾ?” ಅಂದಳು.

“ಮಡಕೇಲಿ ಏನವ್ವ?”

“ಬೆಂಕಿ ಐತ್ರಿ.”

ನಮ್ಮಪ್ಪ ನಗುಸ್ವಭಾವದವರು. “ಬೆಂಕಿ ಹೊತ್ಕೊಂಡು ಕೆಲಸ ಕೇಳೋಳನ್ನ ಇವತ್ತೇ ನೋಡಿದ್ದು ನಾನು. ಇಲ್ಲ ಅಂದ್ರೆ ಏನ್ ಗತಿನೋ, ಒಳಗೆ ಬಾರವ್ವ” ಅಂದರು. ಅವಳು ನಗಲಿಲ್ಲ. ಒಳಗೆ ಹೋಗಿ, ನಮ್ಮ ಒಲೆಯ ಬೂದಿ ಬಾಚಿ, ಅಲ್ಲಿದ್ದ ಬೆಂಕಿ ನಂದಿಸಿ, ತನ್ನ ಕೆಂಡ ಸುರಿದು ಊದಿದಳು. ಅವತ್ತಿನಿಂದ ನಮ್ಮ ಖಾನಾವಳಿಯ ಬೆಂಕಿ ಅವಳದು.

ಮೂವತ್ತೊಂದು ವರ್ಷ ಅದು ಆರಲಿಲ್ಲ. ಅಡುಗೆ ಮುಗಿದ ಮೇಲೆ ಕೆಂಡದ ಮೇಲೆ ಬೂದಿ ಎಳೆದು ಮುಚ್ಚುವಳು, ಬೆಳಗ್ಗೆ ಬೂದಿ ಸರಿಸಿ ಒಂದು ಹಿಡಿ ಶೇಂಗಾ ಸಿಪ್ಪೆ ಹಾಕಿ ಊದುವಳು. ಅಡುಗೆಮನೆಯ ಮೂಲೆಯಲ್ಲೇ ಚಾಪೆ. ಸಿರಿಗೆರೆಯ ಮಠಕ್ಕೆ ಜನ ಗಾಡಿ ಕಟ್ಟಿಕೊಂಡು ಹೋಗುವಾಗ ಕರೆದರೆ, “ಬೆಂಕಿ ನೋಡ್ಕಳೋರು ಯಾರು?” ಅನ್ನುವಳು. ಒಮ್ಮೆ ವಿಷಮಶೀತ ಜ್ವರ ಬಂದು ಎಂಟು ದಿನ ಮೈಮೇಲೆ ಪ್ರಜ್ಞೆ ಇರಲಿಲ್ಲ. ಆಗ ಅವಳು ಗಂಡನ ಹೆಸರನ್ನು ಒಮ್ಮೆಯೂ ಕನವರಿಸಲಿಲ್ಲ, “ಕೆಂಡ ಮುಚ್ಚಿದ್ರಾ?” ಅಂತಲೇ ಕೇಳುತ್ತಿದ್ದಳು. ನಮ್ಮಮ್ಮ ಎಂಟು ದಿನವೂ ಮುಚ್ಚಿದರು. ಆ ಕೆಂಡ ಒಂದು ಇರುವತನಕ ತಾನು ಒಂದು ಮನೆಯ ಸೊಸೆ, ಅದು ಹೋದರೆ ಕೂಲಿಯವಳು ಅಂತ ಅವಳ ಲೆಕ್ಕ. ಇದನ್ನು ಅವಳು ನಮ್ಮಮ್ಮನ ಹತ್ತಿರ ಬಾಯಿಬಿಟ್ಟು ಹೇಳಿದ್ದಳು. ನಮ್ಮಮ್ಮ ನನಗೆ ಹೇಳಿದ್ದರು. ನಾನು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟಿದ್ದೆ.

ಎಪ್ಪತ್ತಾರರಲ್ಲಿ ಖಾನಾವಳಿಗೆ ಗ್ಯಾಸು ಬಂತು. ತಂದದ್ದು ನಾನೇ, ಬುದ್ಧಿಗಿಂತ ಹೊಟ್ಟೆಕಿಚ್ಚಿನಿಂದ ತಂದೆ. ಎದುರಿಗಿನ ಕಾಫಿ ಹೋಟೆಲಿನವನು ಗ್ಯಾಸು ಹಾಕಿಸಿ, ಗೋಡೆಗೆ ತಿಳಿಹಸಿರು ಬಣ್ಣ ಹೊಡೆಸಿದ್ದ. ಟೆರಿಲಿನ್ ಷರಟಿನ ಆಫೀಸರುಗಳು ನಮ್ಮಲ್ಲಿ ಹೊಗೆ ವಾಸನೆ ಅಂತ ಅಲ್ಲಿಗೆ ಹೋಗತೊಡಗಿದರು. ಹುಲಿಯನ್ನು ನೋಡಿ ನರಿ ಮೈಸುಟ್ಟುಕೊಂಡಿತಂತೆ, ಹಾಗೆ ನಾನೂ ದಾವಣಗೆರೆಗೆ ಹೋಗಿ ದುಡ್ಡು ಕಟ್ಟಿ ಬಂದೆ. ಗ್ಯಾಸಿನವರು, ನಿಮ್ಮಷ್ಟು ಅಡುಗೆಗೆ ಒಂದು ಸಿಲಿಂಡರು ಹತ್ತು ದಿನ ಬರುತ್ತದೆ, ತಿಂಗಳಿಗೆ ಮೂರಾದರೆ ಸೌದೆಗಿಂತ ಅಗ್ಗ ಅಂತ ಲೆಕ್ಕ ಹಾಕಿ ತೋರಿಸಿದರು. ಕಬ್ಬಿಣದ ದೊಡ್ಡ ಒಲೆ ಒಳಗೆ ಕೂತಿತು. ಸಿಲಿಂಡರು ಹೊರಗೆ ಹಿತ್ತಲಿನ ತಗಡಿನ ಮರೆಯಲ್ಲಿ, ಗೋಡೆಯ ತೂತಿನಿಂದ ಕೊಳವೆ ಒಳಗೆ.

ಮೆಕ್ಯಾನಿಕ್ಕು ಒಲೆ ಹಚ್ಚಲು ಬೆಂಕಿಕಡ್ಡಿ ಗೀರುವುದರಲ್ಲಿದ್ದ. ಶಿವಗಂಗಮ್ಮ ಅವನ ಕೈ ಹಿಡಿದು, “ತಡಿಯಪ್ಪ” ಅಂದಳು. ಹಳೆಯ ಒಲೆಯಿಂದ ಒಂದು ಗರಿಕಡ್ಡಿ ಹೊತ್ತಿಸಿ ತಂದು ಗ್ಯಾಸಿಗೆ ಮುಟ್ಟಿಸಿದಳು. ಭಪ್ಪೆಂದು ನೀಲಿ ಉರಿ ಎದ್ದಿತು. ಹೊಗೆ ಇಲ್ಲದ ಬೆಂಕಿಯನ್ನು ಅನುಮಾನದಿಂದಲೇ ನೋಡಿದಳು. “ಇದನ್ನ ಸಣ್ಣದು ಮಾಡಾದು ಹೆಂಗಪ್ಪ?” ಅಂತ ಕೇಳಿದಳು. ಅವನು, “ಹಿಂಗೆ ತಿರುವಿದ್ರೆ ಸಣ್ಣ, ಇನ್ನೂ ತಿರುವಿದ್ರೆ ಆರ್ತದೆ” ಅಂತ ತೋರಿಸಿಕೊಟ್ಟ. ಅವಳು ಮೊದಲನೆಯದನ್ನು ಮಾತ್ರ ಕಲಿತಳು. ಮಾರನೆಯ ದಿನ ಗಾರೆಯವನು ಬಂದು ಮಣ್ಣಿನ ಒಲೆ ಕೆಡವಿ, ಜಾಗಕ್ಕೆ ಸಿಮೆಂಟು ಬಳಿದ.

ಅವಳು ಆ ಗ್ಯಾಸಿನ ಉರಿಯನ್ನು ಆರಿಸಲೇ ಇಲ್ಲ. ಮಧ್ಯಾಹ್ನ ಅಡುಗೆ ಮುಗಿದಾಗ, ರಾತ್ರಿ ಮಲಗುವಾಗ ಒಂದು ಬರ್ನರನ್ನು ಹೆಸರುಕಾಳಿನಷ್ಟು ಸಣ್ಣ ಮಾಡಿ ಬಿಡುತ್ತಿದ್ದಳು. ಬೂದಿ ಮುಚ್ಚಿದ ಕೆಂಡ ಸೌದೆ ಕೇಳುತ್ತದೆಯೇ? ಇದೂ ಹಾಗೇ ಅಂದುಕೊಂಡಿದ್ದಳು. ಅಡುಗೆ ಬೇಯಿಸುವಾಗ ಗ್ಯಾಸು ಖರ್ಚಾಗುತ್ತದೆ, ಸುಮ್ಮನೆ ಕೂತ ಬೆಂಕಿ ಏನು ತಿನ್ನುತ್ತದೆ ಅಂತ. ನನಗೆ ಇದು ತಿಳಿದದ್ದು ಏಳು ತಿಂಗಳ ಮೇಲೆ. ನಿಮಗೆ ಈಗಲೇ ಹೇಳಿಬಿಟ್ಟಿದ್ದೇನೆ, ನನ್ನ ಹಾಗೆ ನೀವೂ ದಡ್ಡರಾಗಿ ಕಾಯುವುದು ಬೇಡ.

ಇನ್ನು ಜುಂಜಣ್ಣನ ವಿಷಯ. ಹಿರಿಯೂರು ರಸ್ತೆಯಲ್ಲಿ ಐಮಂಗಲ ದಾಟಿದರೆ ಒಂದು ಗೊಲ್ಲರಹಟ್ಟಿ, ಅಲ್ಲಿಯವನು. ಹದಿನಾಲ್ಕು ವರ್ಷ ನಮಗೆ ಗಾಡಿಯಲ್ಲಿ ಸೌದೆ ತಂದು ಹಾಕಿದವನು. ತೂಕದಲ್ಲಿ ಒಂದು ಸಲವೂ ಹೆಚ್ಚುಕಡಿಮೆ ಮಾಡಿದವನಲ್ಲ. ಗ್ಯಾಸು ಬಂದ ಮೇಲೆ ಅವನ ವ್ಯಾಪಾರ ನಿಂತಿತು. ನಾನು ದೊಡ್ಡ ಮನುಷ್ಯನ ಗತ್ತಿನಲ್ಲಿ, “ನೀರು ಸೇದಿ ಹಾಕು, ಸಿಲಿಂಡರು ಹೊತ್ತು ತಂದು ಬದಲಿಸು, ಹಿತ್ತಲಲ್ಲೇ ಇರು” ಅಂತ ಕೆಲಸ ಕೊಟ್ಟೆ. ಗಾಡಿ ಎತ್ತು ಮಾರಿ ಬಂದ. ನಮ್ಮ ಅಡುಗೆಮನೆಯ ಹೊಸ್ತಿಲು ಅವನು ದಾಟುವಂತಿರಲಿಲ್ಲ, ಆ ಕಾಲದ ಖಾನಾವಳಿಗಳಲ್ಲಿ ಅದು ಹಾಗೇ ಇತ್ತು. ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಹಿತ್ತಲ ಬಾಗಿಲ ಹತ್ತಿರದ ತೊಟ್ಟಿಗೆ ನೀರು ತುಂಬುವನು. ಸಿಲಿಂಡರು ಬದಲಿಸುವ ಮುಂಚೆ ಬಾಗಿಲಲ್ಲಿ ನಿಂತು, “ಅವ್ವಾ, ದೀಪ ಹಚ್ಕಂಡ್ಯಾ?” ಅಂತ ಕೂಗುವನು. ಅವಳು ಒಲೆಯ ಉರಿಯನ್ನು ಹಣತೆಗೆ ಹಚ್ಚಿಕೊಂಡು, ಹೊಸ ಸಿಲಿಂಡರು ತೆರೆದ ಮೇಲೆ ಮತ್ತೆ ಒಲೆಗೆ ತರುವಳು. ನಾನು ಅದನ್ನು ಎರಡು ಮೂರು ಸಲ ಕೇಳಿಸಿಕೊಂಡಿದ್ದೆ. ದೇವರ ದೀಪ ಇರಬೇಕು ಅಂದುಕೊಂಡೆ.

ಸಿಲಿಂಡರು ಹತ್ತು ದಿನ ಬರಲಿಲ್ಲ. ಏಳು ದಿನ, ಒಮ್ಮೊಮ್ಮೆ ಆರೂವರೆ. ಎದುರಿಗಿನ ಹೋಟೆಲಿನವನನ್ನು ವಿಚಾರಿಸಿದರೆ, ಹೇಳಿದಷ್ಟು ದಿನ ಸರಿಯಾಗಿ ಬರುತ್ತಿದೆ ಅಂದ. ತುಂಬಿದ ಸಿಲಿಂಡರನ್ನು ಶೇಂಗಾ ಮಂಡಿಗೆ ಹೊರಿಸಿ ತೂಕ ಹಾಕಿಸಿದೆ. ತೂಕ ಸರಿಯಿತ್ತು. ಕಾಯಿಪಲ್ಯೆ ಕಡಿಮೆ ಮಾಡಿಸಿದೆ, ಸಾರು ಎರಡನೇ ಸಲ ಬಿಸಿ ಮಾಡಬೇಡಿ ಅಂದೆ. ಆದರೂ ಏಳೇ ದಿನ. ಮೂರನೆಯ ತಿಂಗಳಿಗೆ ನನ್ನ ತಲೆಯಲ್ಲಿ ಹುಳ ಹೊಕ್ಕಿತು. ಗ್ಯಾಸು ಬಿಂದಿಗೆಯಲ್ಲಿ ತುಂಬಿಕೊಂಡು ಹೋಗುವ ವಸ್ತುವಲ್ಲ, ನಿಜ. ಆದರೆ ತಿರುಪು ಸಡಿಲಿಸಿ ಗಾಳಿಗೆ ಬಿಡಬಹುದಲ್ಲ? ಗ್ಯಾಸಿನಿಂದ ನಷ್ಟವಾದರೆ ಸಾವುಕಾರ ಮತ್ತೆ ಸೌದೆಗೆ ಬರುತ್ತಾನೆ ಅಂತ ಯಾರಿಗೆ ಆಸೆ? ಸಿಲಿಂಡರಿನ ಪಕ್ಕದಲ್ಲೇ ಮಲಗುವವನು ಯಾರು?

ಒಂದು ಸೋಮವಾರ ಮಧ್ಯಾಹ್ನ, ಗಿರಾಕಿಗಳು ಊಟ ಮಾಡುತ್ತಿರುವಾಗಲೇ, ಅವನನ್ನು ಹಿತ್ತಲಿನಿಂದ ಕೂಗಿ ಕರೆದೆ.

“ಲೇ ಜುಂಜ, ಗ್ಯಾಸು ಎಲ್ಲಿಗೆ ಹೋಗ್ತೈತಲೇ?”

“ನಾನು ಮುಟ್ಟಿಲ್ರಿ ಸಾವ್ಕಾರ್ರೆ.”

“ಮುಟ್ಟಿಲ್ಲ ಅಂದ್ರೆ ಆಗಲ್ಲ. ನಿಮ್ಮ ದೇವ್ರು ಜುಂಜಪ್ಪನ ಮೇಲೆ ಆಣೆ ಮಾಡು. ನಾನು ಮುಟ್ಟಿಲ್ಲ, ಅದು ಎಲ್ಲಿಗೆ ಹೋಗ್ತೈತೆ ಅಂತ ನಂಗೆ ಗೊತ್ತೂ ಇಲ್ಲ ಅಂತ. ಎರಡೂ ಹೇಳು.”

“ಮುಟ್ಟಿಲ್ಲ ಅಂತ ಬೇಕಾದ್ರೆ ಈಗ್ಲೇ ಆಣೆ ಮಾಡ್ತೀನ್ರಿ. ಎರಡನೇದು ಬ್ಯಾಡ್ರಿ.”

“ಯಾಕೆ ಬ್ಯಾಡ?”

“ಬ್ಯಾಡ್ರಿ, ಸಾವ್ಕಾರ್ರೆ.”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅಂತ ಗಾದೆ ಹೇಳುವುದಕ್ಕೆ ನನಗೆ ಅಷ್ಟೇ ಸಾಕಾಯಿತು. ಮೂವತ್ತು ಜನ ಗಿರಾಕಿಗಳ ಮುಂದೆ ಕಳ್ಳ ಅಂದೆ, ಅವನ ಕುಲ ಎತ್ತಿ ಆಡಬಾರದ್ದನ್ನು ಆಡಿದೆ. ಅವರಲ್ಲಿ ಐಮಂಗಲದವರೂ ಇದ್ದರು. ಶಿವಗಂಗಮ್ಮ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದು ನನಗೆ, “ಕೆಂಚಪ್ಪ, ಅವನು ಅಂಥೋನಲ್ಲ ಕಣಪ್ಪ” ಅಂದಳು. “ನೀನು ರೊಟ್ಟಿ ನೋಡ್ಕಳಮ್ಮ” ಅಂತ ಅವಳನ್ನೂ ಜಬರಿಸಿದೆ. ಜುಂಜಣ್ಣ ಅವಳ ಕಡೆ ಒಂದು ಸಲ ನೋಡಿದ. ತಲೆಯ ರುಮಾಲು ಬಿಚ್ಚಿ ಕೊಡವಿ ಮತ್ತೆ ಸುತ್ತಿಕೊಂಡು, ಕಂಬಳಿ ಹೆಗಲ ಮೇಲೆ ಹಾಕಿಕೊಂಡು ಹೊರಟುಹೋದ.

ಅವನು ಹೋದ ಮೇಲಿನ ಮೊದಲ ಸಿಲಿಂಡರೂ ಏಳೇ ದಿನಕ್ಕೆ ಮುಗಿಯಿತು. ಆಗಲೇ ನನಗೆ ತಿಳಿಯಬೇಕಿತ್ತು ಅಂತ ಬರೆದರೆ ಸುಳ್ಳಾಗುತ್ತದೆ. ತಿಳಿಯಿತು. ಸಿಲಿಂಡರು ಖಾಲಿ ಅಂದ ಕೂಡಲೇ ತಿಳಿಯಿತು. ಆದರೆ ಮೂವತ್ತು ಜನರ ಮುಂದೆ ಕಳ್ಳ ಅಂದವನು, ಈಗ ಯಾವ ಮುಖ ಹೊತ್ತು ಹಟ್ಟಿಗೆ ಹೋಗಲಿ? ಗ್ಯಾಸಿನವರು ಮೋಸಗಾರರು, ಒಲೆ ಸರಿಯಿಲ್ಲ, ಹವಾ ಸರಿಯಿಲ್ಲ ಅಂತ ಒಂದೊಂದು ದಿನ ಒಂದೊಂದು ಹೇಳಿಕೊಂಡು ನಾಲ್ಕು ತಿಂಗಳು ಕಳೆದೆ. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತಿಯಲ್ಲಿ ಬರುವುದಿಲ್ಲ ಅಂತ ಗೊತ್ತಿದ್ದವನು, ಕೊಯ್ದಿದ್ದೇ ಇಲ್ಲ ಅನ್ನುವ ಹಾಗೆ ತಿರುಗಾಡಿದೆ.

ಕೊನೆಗೆ ದಾವಣಗೆರೆಗೆ ಕಾಗದ ಬರೆದು, ಕೊಳವೆ ಸೋರುತ್ತಿರಬೇಕು, ಬಂದು ನೋಡಿ ಅಂದೆ. ಅದೇ ಮೆಕ್ಯಾನಿಕ್ಕು ಒಂದು ದಿನ ಮೊದಲ ಬಸ್ಸಿಗೆ ಬಂದ. ಹಿರಿಯೂರಿಗೂ ಹೋಗಬೇಕಾಗಿದ್ದರಿಂದ, ಅಡುಗೆ ಶುರುವಾಗುವ ಮುಂಚೆಯೇ ನೋಡಿ ಮುಗಿಸುತ್ತೇನೆ ಅಂತ ನನ್ನನ್ನು ಮನೆಯಿಂದ ಎಬ್ಬಿಸಿಕೊಂಡು ಬಂದ. ಹಿತ್ತಲಲ್ಲಿ ಕೊಳವೆಗೆ ಸೋಪಿನ ನೀರು ಬಳಿದು ನೋಡಿದ, ಎಲ್ಲೂ ಗುಳ್ಳೆ ಏಳಲಿಲ್ಲ. ಒಳಗೆ ಬಂದ. ಶಿವಗಂಗಮ್ಮ ಚಾಪೆ ಸುತ್ತಿಟ್ಟು ಹಿಟ್ಟು ಜರಡಿ ಹಿಡಿಯುತ್ತಿದ್ದಳು.

ಅವನು ಒಲೆಯ ಮುಂದೆ ಬಗ್ಗಿ, “ಇದನ್ನ ಯಾರ್ರೀ ಹಚ್ಚಿಟ್ಟಿರೋದು?” ಅಂದ.

“ಅದು ಯಾವಾಗ್ಲೂ ಇರ್ತೈತಪ್ಪ” ಅಂದಳು ಅವಳು.

“ಯಾವಾಗ್ಲೂ ಅಂದ್ರೆ? ರಾತ್ರಿಯೆಲ್ಲಾನಾ?”

“ಮತ್ತೆ? ಸಣ್ಣದು ಮಾಡಿರ್ತೀನಿ. ನೀನೇ ತೋರ್ಸಿದ್ದಲ್ಲ.”

ಅವನು ನನ್ನ ಕಡೆ ತಿರುಗಿ ಬಿದ್ದುಬಿದ್ದು ನಕ್ಕ. “ಸ್ವಾಮಿ, ಇಲ್ಲೈತೆ ನಿಮ್ಮ ಕಳ್ಳ. ಹತ್ತರಲ್ಲಿ ಮೂರು ದಿನದ ಗ್ಯಾಸು ಇದೇ ತಿಂತಾ ಐತೆ. ಸುಮ್ನೆ ನನ್ನ ಕರೆಸಿದ್ರಲ್ಲ.”

ನನಗೆ ನಗು ಬರಲಿಲ್ಲ. ಅವಳ ಕೈಯ ಜರಡಿ ನಿಂತಿತು. ಮೊದಲಿಗೆ ಅವಳಿಗೆ ಅರ್ಥವಾಗಲಿಲ್ಲ. “ಅಷ್ಟು ಸಣ್ಣದು ಏನು ತಿಂತೈತಪ್ಪ, ಹೆಸರುಕಾಳಿನಷ್ಟು ಇಲ್ಲ” ಅಂದಳು. ಅವನು ಕಾಯಿಲೆಯವರಿಗೆ ಹೇಳುವಂತೆ ನಿಧಾನಕ್ಕೆ ವಿವರಿಸಿದ. ಇದಕ್ಕೆ ಬೂದಿ ಇಲ್ಲ, ಕೆಂಡ ಇಲ್ಲ. ಉರಿ ಕಾಣುತ್ತಿರುವಷ್ಟು ಹೊತ್ತೂ ಒಳಗಿನ ಗ್ಯಾಸು ಸುಡುತ್ತಲೇ ಇರುತ್ತದೆ. ಅವಳು ಎಲ್ಲ ಕೇಳಿಸಿಕೊಂಡಳು. ಆಮೇಲೆ ನನ್ನ ಮುಖ ನೋಡಿದಳು.

“ಹಂಗಾರೆ ಜುಂಜಣ್ಣ?”

ಅವಳು ಎದ್ದು ಒಲೆಯ ಹತ್ತಿರ ಬಂದಳು. ಏನು ಮಾಡಲು ಹೊರಟಿದ್ದಾಳೆ ಅಂತ ನನಗೆ ಗೊತ್ತಾಗಿ, “ಹಣತೆಗೆ ಹಚ್ಚಿಕೊಳ್ಳಮ್ಮ, ಅದರಲ್ಲಿ ಇಟ್ಟುಕೊ, ಎಣ್ಣೆ ನಾನು ಕೊಡಿಸ್ತೀನಿ” ಅಂದೆ.

“ಬ್ಯಾಡಪ್ಪ. ಒಬ್ಬನ ಅನ್ನ ತಿಂದೈತೆ ಇದು. ಸಾಕು.”

ಎಡಗೈಯಿಂದ ಕಣ್ಣು ಮುಚ್ಚಿಕೊಂಡು, ಬಲಗೈಯಿಂದ ತಿರುಪು ಹಿಡಿದು ಕೊನೆಯವರೆಗೂ ತಿರುವಿದಳು. ಸದ್ದೇನೂ ಆಗಲಿಲ್ಲ. ಮೆಕ್ಯಾನಿಕ್ಕಿಗೆ ಏನೂ ತಿಳಿಯದು ಪಾಪ, “ಹಾಂ, ಈಗ ಸರಿಯಾಯ್ತು” ಅಂದು ತನ್ನ ಚೀಲ ಎತ್ತಿಕೊಂಡ. ಅವಳು ಒಲೆಯ ಕಟ್ಟೆಗೆ ಒರಗಿ ಕೂತು ಅತ್ತಳು. ಗಂಡ ಸತ್ತ ಸುದ್ದಿ ಹೇಳುವಾಗಲೂ ಅಳದಿದ್ದ ಹೆಂಗಸು ಅಂತ ನಮ್ಮಮ್ಮ ಹೇಳುತ್ತಿದ್ದರು. ಅವತ್ತು ಖಾನಾವಳಿಗೆ ರಜ ಹಾಕಿದೆ.

“ಹೋಗಾಣ ನಡಿ” ಅಂದಳು. ಎಲ್ಲಿಗೆ ಅಂತ ನಾನು ಕೇಳಲಿಲ್ಲ. ಹಿರಿಯೂರು ಬಸ್ಸಿನಲ್ಲಿ ಐಮಂಗಲಕ್ಕೆ ಹೋಗಿ, ಅಲ್ಲಿಂದ ಹಟ್ಟಿಗೆ ನಡೆದೆವು. ಬಿಸಿಲು ಏರಿತ್ತು. ಮೂವತ್ತೊಂದು ವರ್ಷಗಳಲ್ಲಿ ಅವಳು ದುರ್ಗ ಬಿಟ್ಟು ಹೊರಗೆ ಹೆಜ್ಜೆ ಇಟ್ಟದ್ದು ಅದೇ ಮೊದಲು ಅಂತ ದಾರಿಯಲ್ಲಿ ನನಗೆ ಹೊಳೆಯಿತು. ಈಗ ಕಾಯಲು ಅಲ್ಲಿ ಏನೂ ಉಳಿದಿರಲಿಲ್ಲ.

ಜುಂಜಣ್ಣ ಗುಡಿಸಲ ಮುಂದಿನ ಜಾಲಿಮರದ ಕೆಳಗೆ ಕೂತಿದ್ದ. ಎಡಗಣ್ಣಿಗೆ ಬಟ್ಟೆ ಕಟ್ಟಿತ್ತು. ನಮ್ಮಲ್ಲಿಂದ ಹೋದ ಮೇಲೆ ಬೇರೆ ಕಡೆ ಕೆಲಸ ಸಿಗಲಿಲ್ಲವಂತೆ, ಸಂತೆಪೇಟೆಯಲ್ಲಿ ಕಳ್ಳ ಅನ್ನಿಸಿಕೊಂಡವನಿಗೆ ಯಾರು ಕೊಡುತ್ತಾರೆ? ಹೆದ್ದಾರಿ ಕೆಲಸಕ್ಕೆ ಜಲ್ಲಿ ಒಡೆಯಲು ಹೋಗಿದ್ದ. ಕಲ್ಲಿನ ಚೂರು ಸಿಡಿದು ಕಣ್ಣಿಗೆ ಬಿತ್ತು. ಆಸ್ಪತ್ರೆಗೆ ಹೋಗುವಷ್ಟರಲ್ಲಿ ತಡವಾಗಿತ್ತು. ಇದನ್ನೆಲ್ಲ ಹೇಳಿದ್ದು ಅವನ ಹೆಂಡತಿ ಓಬವ್ವ. ಶಿವಗಂಗಮ್ಮನಿಗೆ ಕಂಬಳಿ ಹಾಸಿ, “ಕುಂತ್ಕಳ್ರಿ” ಅಂದಳು. ನನಗೆ ಅನ್ನಲಿಲ್ಲ.

ಶಿವಗಂಗಮ್ಮ ಕೂರಲೂ ಇಲ್ಲ. ಹಟ್ಟಿಯ ಹಿರಿಯರು ಇಬ್ಬರು ಮೂವರು ಯಾರು ಬಂದವರು ಅಂತ ನೋಡಲು ಬಂದು ನಿಂತಿದ್ದರು. ಅವರ ಕಡೆ ತಿರುಗಿ ದೊಡ್ಡ ದನಿಯಲ್ಲಿ, “ಎಲ್ಲಾರೂ ಕೇಳಿಸ್ಕಳ್ರಪ್ಪ. ಗ್ಯಾಸು ತಿಂದಿದ್ದು ನನ್ನ ಬೆಂಕಿ. ಇವನು ಕಳ್ಳ ಅಲ್ಲ. ಇವನದೇನೂ ತಪ್ಪಿಲ್ಲ” ಅಂದಳು. ಅವಳ ಬಾಯಿಂದ ಅಷ್ಟು ದೊಡ್ಡ ದನಿ ಬಂದದ್ದು ನಾನು ಕೇಳಿರಲಿಲ್ಲ. ನಾನು ತಪ್ಪಿತಸ್ಥನ ಹಾಗೆ ನಿಂತಿದ್ದೆ. ಹಾಗೆ ಅಂತ ಏನು, ತಪ್ಪಿತಸ್ಥನೇ.

ಹಿರಿಯರು ತಲೆಯಾಡಿಸಿದರು. ಜುಂಜಣ್ಣನ ಮುಖದಲ್ಲಿ ನಿರಾಳ ಕಾಣಲಿಲ್ಲ. ಇದ್ದ ಒಂದು ಕಣ್ಣಿನಿಂದ ಅವಳನ್ನೇ ನೋಡುತ್ತ, “ನೀನು ಇಲ್ಲಿಗೆ ಬಂದಿದೀಯ. ಬೆಂಕಿ ಯಾರು ನೋಡ್ಕಂತಾರವ್ವ?” ಅಂದ.

“ಆರಿಸಿದೆ ಕಣಪ್ಪ.”

“ಆರಿಸಿಬಿಟ್ಯಾ?”

“ಇವತ್ತು ಬೆಳಗ್ಗೆ.”

ಅವನು ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡ. “ಅಯ್ಯೋ ಅವ್ವಾ, ಎಂಥ ಕೆಲಸ ಮಾಡ್ದೆ. ದಿನಾ ನಾಕು ಗಂಟೆಗೆ ನೀರು ಹಾಕುವಾಗ ಹಿತ್ಲ ಬಾಗ್ಲಾಗೆ ನೋಡ್ತಿದ್ನಲ್ಲ ನಾನು. ಸಾವ್ಕಾರ್ರು ಗ್ಯಾಸು ಬ್ಯಾಗ ಮುಗೀತೈತೆ ಅಂದ ದಿವ್ಸಾನೇ ನಂಗೆ ತಿಳೀತು. ಗೊತ್ತಿಲ್ಲ ಅಂತ ಜುಂಜಪ್ಪನ ಮೇಲೆ ಹೆಂಗೆ ಆಣೆ ಮಾಡ್ಲಿ? ಗೊತ್ತೈತೆ ಅಂದ್ರೆ ಇವರು ಆರಿಸ್ತಿದ್ರು. ನನಗೆ ಇನ್ನೊಂದು ಕೂಲಿ ಸಿಗ್ತೈತೆ, ನಿನಗೆ ಇನ್ನೊಂದು ಬೆಂಕಿ ಎಲ್ಲಿ ಸಿಗ್ತೈತೆ ಅಂತ ಸುಮ್ಕೆ ಬಂದೆ. ನೀನೇ ಆರಿಸಿಬಿಟ್ಯಲ್ಲ.”

ಶಿವಗಂಗಮ್ಮ ಆಗ ಕೂತಳು. ಕಂಬಳಿಯ ಮೇಲಲ್ಲ, ನೆಲದ ಮೇಲೆ, ಅವನ ಪಕ್ಕದಲ್ಲಿ. ನಾನು ಮತ್ತೆ ಕೆಲಸಕ್ಕೆ ಬಾ, ಸಂಬಳ ಹೆಚ್ಚಿಗೆ ಕೊಡುತ್ತೇನೆ, ಕಣ್ಣಿಗೆ ಬೆಂಗಳೂರಿನ ಡಾಕ್ಟರಿಗೆ ತೋರಿಸೋಣ ಅಂತ ಏನೇನೋ ಅಂದೆ. ಜುಂಜಣ್ಣ, “ಒಂದು ಕಣ್ಣಾಗೆ ಬಾವಿ ಕಟ್ಟೆ ಮೇಲೆ ನಿಲ್ಲಾಕೆ ಆಗಾಕಿಲ್ರಿ” ಅಂತ ಮೆತ್ತಗೆ ಹೇಳಿದ. ಓಬವ್ವ ಮೆತ್ತಗೆ ಹೇಳಲಿಲ್ಲ. “ಕಳ್ಳ ಅಂದ ಬಾಯಾಗೇ ಬಾ ಅಂತೀರಲ್ಲ, ನಾಲ್ಕು ತಿಂಗಳು ಹಟ್ಟಿ ಜನದ ಮುಂದೆ ನಾವು ಹೆಂಗೆ ತಲೆ ಎತ್ಕಂಡು ನೀರಿಗೆ ಹೋಗಿದೀವಿ ಅಂತ ಗೊತ್ತೈತೇನ್ರಿ?” ಅಂದಳು. ನಾನು ಜೇಬಿನಲ್ಲಿದ್ದದ್ದನ್ನು ಕಂಬಳಿಯ ಮೇಲೆ ಇಟ್ಟೆ. ಅವಳು ಅದನ್ನು ಎತ್ತಿ ನನ್ನ ಕೈಗೇ ಕೊಟ್ಟಳು.

ವಾಪಸು ಬರುವಾಗ ಬಸ್ಸಿನಲ್ಲಿ ಜನ ಕಡಿಮೆ ಇದ್ದರು. ಶಿವಗಂಗಮ್ಮ ಕಿಟಕಿಯ ಪಕ್ಕ ಕೂತಿದ್ದಳು, ನಾನು ಹಿಂದಿನ ಸೀಟಿನಲ್ಲಿ. ದುರ್ಗದ ಬೆಟ್ಟ ಕಾಣತೊಡಗಿದಾಗ ಅವಳು ಹಿಂದೆ ತಿರುಗದೆ ಕೇಳಿದಳು.

“ಕೆಂಚಪ್ಪ, ಅವನನ್ನ ಆಣೆ ಮಾಡು ಅಂದೆ. ನನ್ನ ಯಾಕಪ್ಪ ಕೇಳಲಿಲ್ಲ? ಗ್ಯಾಸು ಯಾಕಮ್ಮ ಮುಗೀತೈತೆ ಅಂತ ಒಂದು ಮಾತು ಕೇಳಿದ್ರೆ, ರಾತ್ರಿಯೆಲ್ಲ ಬೆಂಕಿ ಇಟ್ಟಿರ್ತೀನಪ್ಪ ಅಂತ ಅವತ್ತೇ ಹೇಳ್ತಿದ್ನಲ್ಲ.”

ಬಸ್ಸಿನ ಸದ್ದಿನಲ್ಲಿ ಕೇಳಿಸಲಿಲ್ಲ ಅನ್ನುವ ಹಾಗೆ ಕೂತೆ. ಅವಳು ಎರಡನೆಯ ಸಲ ಕೇಳಲಿಲ್ಲ. ಆಮೇಲೆ ಮೂರು ವರ್ಷ ನಮ್ಮಲ್ಲೇ ರೊಟ್ಟಿ ಬಡಿದಳು, ಸಾಯುವವರೆಗೂ ಮತ್ತೆ ಆ ಮಾತು ಎತ್ತಲಿಲ್ಲ. ಉತ್ತರ ನನಗೆ ಅವತ್ತೇ ಗೊತ್ತಿತ್ತು. ಅವಳು ನಮ್ಮವಳು, ಒಳಗಿನವಳು. ಅವನು ಹಟ್ಟಿಯವನು, ಹಿತ್ತಲಿನವನು. ಕೇಳಬೇಕು ಅಂತ ನನಗೆ ಅನ್ನಿಸಿದ್ದು ಅವನೊಬ್ಬನನ್ನೇ.